ಟೋಸ್ಟ್‌ಮಾಸ್ಟರ್ಸ್‌ಗೆ ಸೇರಿದ್ರೆ ಆಫೀಸಲ್ಲಿ ಮಾತಾಡೋ ಧೈರ್ಯ ಬರುತ್ತಾ?

ಹಾವೇರಿ_ಹುಡುಗ:
ಎಲ್ರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ, ಬಿಇ, ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕೆಲಸ ಚೆನ್ನಾಗೇ ಬರುತ್ತೆ, ಆದ್ರೆ ಕಾಲ್‌ನಲ್ಲಿ ಕ್ಲೈಂಟ್ ಇದ್ರೆ ಬಾಯಿ ಕಟ್ಟಿಹೋಗುತ್ತೆ, ನಾನೇ ಹುಡುಕಿದ ಬಗ್ಗನ್ನ (ಸಾಫ್ಟ್‌ವೇರ್‌ನಲ್ಲಿರೋ ತಪ್ಪನ್ನ) ಪಕ್ಕದವ್ರು ವಿವರಿಸ್ತಾರೆ ನಾನು ಮ್ಯೂಟ್‌ನಲ್ಲಿ ಕೂತಿರ್ತೀನಿ. ಅಪ್ರೈಸಲ್‌ನಲ್ಲೂ ಕಮ್ಯುನಿಕೇಷನ್ ಸುಧಾರಿಸ್ಬೇಕು ಅಂತ ಬರೆದ್ರು. ಟೋಸ್ಟ್‌ಮಾಸ್ಟರ್ಸ್ ಅಂತ ಎಲ್ರ ಮುಂದೆ ಮಾತಾಡೋದು ಅಭ್ಯಾಸ ಮಾಡೋ ಕ್ಲಬ್ ಇದೆ, ಅದಕ್ಕೆ ಸೇರು ಅಂತ ಒಬ್ರು ಹೇಳಿದಾರೆ. ಅಲ್ಲಿ ಎಲ್ರೂ ಫಟಾಫಟ್ ಇಂಗ್ಲಿಷ್ ಮಾತಾಡೋರೇ ಇರ್ತಾರಾ? ಹೋದ ದಿನಾನೇ ಸ್ಟೇಜ್ ಹತ್ತಿಸ್ತಾರಾ? ನಿಜವಾಗ್ಲೂ ಕೆಲಸಕ್ಕೆ ಉಪಯೋಗ ಆಗಿದ್ರೆ ಹೇಳಿ.

ಸಂಜೆ_ಮೀಟಿಂಗ್:
ಹೋಗಿ ಬ್ರದರ್, ಧೈರ್ಯವಾಗಿ ಹೋಗಿ. ಗೆಸ್ಟ್ ಆಗಿ ಹೋದ್ರೆ ದುಡ್ಡೂ ಕೇಳಲ್ಲ, ಬಲವಂತಾನೂ ಮಾಡಲ್ಲ, ಎರಡು ಮಾತು ಹೇಳ್ತೀರಾ ಅಂತ ಕೇಳಿದ್ರೆ ಇವತ್ತು ಬರೀ ನೋಡ್ತೀನಿ ಅಂದ್ರೆ ಸಾಕು. ಇದು 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನೋರು ಶುರು ಮಾಡಿದ್ದು, ಮೇಷ್ಟ್ರು ಪಾಠ ಮಾಡೋ ಕ್ಲಾಸ್ ಅಲ್ಲ, ಸದಸ್ಯರೇ ಒಬ್ರಿಗೊಬ್ರು ಕಲಿಸ್ಕೊಳ್ಳೋದು.

ನೀವು ಮೊದ್ಲು ಟೈಮರ್ ರೋಲ್ ತಗೊಳ್ಳಿ, ಅಂದ್ರೆ ಯಾರು ಎಷ್ಟು ಹೊತ್ತು ಮಾತಾಡಿದ್ರು ಅಂತ ನೋಡೋ ಕೆಲಸ. ಮಾತು ಕಮ್ಮಿ, ಆದ್ರೆ ಎಲ್ರ ಮುಂದೆ ಎದ್ದು ನಿಲ್ಲೋ ಅಭ್ಯಾಸ ಆಗುತ್ತೆ. ಮೊದಲ ಭಾಷಣ ಐಸ್ ಬ್ರೇಕರ್, 4ರಿಂದ 6 ನಿಮಿಷ, ನಿಮ್ ಬಗ್ಗೆನೇ ಹೇಳ್ಕೊಳ್ಳೋದು. ಟೈಮರ್ ಆದವ್ರು ನಾಲ್ಕಕ್ಕೆ ಹಸಿರು, ಐದಕ್ಕೆ ಹಳದಿ, ಆರಕ್ಕೆ ಕೆಂಪು ಕಾರ್ಡ್ ಎತ್ತುತಾರೆ. ಇನ್ನೊಬ್ರು ಆ-ಕೌಂಟರ್ ಅಂತ ಹಿಂದೆ ಕೂತು ನೀವು ಎಷ್ಟು ಸಲ 'ಆಂ', 'ಸೋ', 'ಅದೂ...' ಅಂದ್ರಿ ಅಂತ ಗೀಟು ಹಾಕ್ತಿರ್ತಾರೆ, ಕೊನೇಲಿ ಓದಿ ಹೇಳ್ತಾರೆ. ಮೊದ್ಲು ಮುಜುಗರ ಆಗುತ್ತೆ, ಆಮೇಲೆ ಆ ಜಾಗದಲ್ಲಿ ಸುಮ್ನೆ ಉಸಿರು ತಗೊಳ್ಳೋದು ಕಲೀತೀರ.

ನಿಮ್ ಸಮಸ್ಯೆಗೆ ನೇರ ಮದ್ದು ಅಂದ್ರೆ ಟೇಬಲ್ ಟಾಪಿಕ್ಸ್. ಪ್ರಶ್ನೆ ಅಲ್ಲೇ ಕೊಡ್ತಾರೆ, ಒಂದೆರಡು ನಿಮಿಷದಲ್ಲಿ ಉತ್ತರ ಹೇಳ್ಬೇಕು. ಕ್ಲೈಂಟ್ ಕಾಲೂ ಇದೇ ತಾನೆ, ಯಾರೂ ಮೊದಲೇ ಪ್ರಶ್ನೆ ಕಳಿಸಲ್ಲ.

ಜಯನಗರ_ಅಕ್ಕ:
ಒಪ್ತೀನಿ, ಆದ್ರೆ ಒಂದು ಮಾತು ತಮ್ಮಾ, ಇಂಗ್ಲಿಷ್ ಕಲಿಯೋಕೆ ಅಂತಾನೇ ಹೋದ್ರೆ ನಿರಾಸೆ ಆಗುತ್ತೆ. ಗ್ರಾಮರಿಯನ್ ಅಂತ ಒಬ್ರು ಇರ್ತಾರೆ, ಒಂದೆರಡು ತಪ್ಪು ತಿದ್ದುತಾರೆ, ಮೀಟಿಂಗಿಗೊಂದು ಹೊಸ ಪದ ಕೊಡ್ತಾರೆ, ಅಷ್ಟೇ. ಭಾಷೆ ನೀವೇ ಓದಿ ಕೇಳಿ ಬೆಳೆಸ್ಕೋಬೇಕು, ಭಯ ಹೋಗಿಸೋದು ಮಾತ್ರ ಕ್ಲಬ್ಬಿನ ಕೆಲಸ.

ನಾನು ಹತ್ತಾರು ಜನರನ್ನ ಇಂಟರ್ವ್ಯೂ ಮಾಡೋ ಜಾಗದಲ್ಲಿದೀನಿ. ನಮ್ ಕನ್ನಡ ಮೀಡಿಯಂ ಮಕ್ಕಳಲ್ಲಿ ನಾನು ಜಾಸ್ತಿ ನೋಡೋದು ಬೈಹಾರ್ಟ್ ಮಾಡೋ ಚಾಳಿ. ಸ್ಕೂಲಲ್ಲಿ ಆಗಸ್ಟ್ 15ಕ್ಕೆ 'ಪೂಜ್ಯ ಗುರುಗಳೇ, ನನ್ನ ನೆಚ್ಚಿನ ಸಹಪಾಠಿಗಳೇ' ಅಂತ ಶುರು ಮಾಡಿ ಒಂದೇ ಉಸಿರಲ್ಲಿ ಒಪ್ಪಿಸ್ತಿದ್ವಲ್ಲ, ಒಂದು ಸಾಲು ಮರೆತ್ರೆ ಪೂರ್ತಿ ಹೋಯ್ತು. ಇಲ್ಲೂ ಹಾಗೆ ಮಾಡ್ಬೇಡಿ. ಮೊದಲ ಎರಡು ವಾಕ್ಯ ಮಾತ್ರ ಗಟ್ಟಿ ಮಾಡ್ಕೊಳ್ಳಿ, ಉಳಿದಿದ್ದಕ್ಕೆ ಚೀಟೀಲಿ ಮೂರು ಪಾಯಿಂಟ್ ಸಾಕು. ಕಾಲ್‌ನಲ್ಲೂ ಅಷ್ಟೇ: ಏನು ಕೆಡ್ತಿದೆ, ಅದ್ರಿಂದ ಯಾರಿಗೆ ತೊಂದ್ರೆ, ನಿಮಗೆ ಅವ್ರಿಂದ ಏನು ಬೇಕು. ಈ ಮೂರನ್ನ ಸರಳ ಇಂಗ್ಲಿಷಲ್ಲಿ ಹೇಳಿದ್ರೆ ಯಾವ ಕ್ಲೈಂಟೂ ವ್ಯಾಕರಣ ನೋಡಲ್ಲ.

ಹಾವೇರಿ_ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕಾ, ಥ್ಯಾಂಕ್ಸ್ ಬ್ರದರ್. ಮೂರು ಪಾಯಿಂಟಿಂದು ನಾಳೆಯಿಂದ್ಲೇ ಮಾಡ್ತೀನಿ. ಫೀಸ್ ಹೇಗೆ? ಯಾವ ಕ್ಲಬ್ ಒಳ್ಳೇದು ಅಂತ ಗೊತ್ತಾಗೋದು ಹೇಗೆ?

ಕುಡ್ಲದ_ಕೋಡರ್:
ಫೀಸ್ ಆರು ತಿಂಗಳಿಗೊಮ್ಮೆ, ಏಪ್ರಿಲ್ ಮತ್ತೆ ಅಕ್ಟೋಬರ್‌ನಿಂದ ಲೆಕ್ಕ. ಹೊಸಬರಿಗೆ ಸೇರುವಾಗ ಒಂದ್ಸಲ ಬೇರೆ ಕಟ್ಲಿಕ್ಕೆ ಉಂಟು, ಕೆಲವು ಕ್ಲಬ್‌ಗಳು ಮೇಲೆ ಸ್ವಲ್ಪ ಸೇರಿಸ್ತವೆ, ಕೇಳಿ ತಿಳ್ಕೊಳ್ಳಿ. ಕಂಪನಿ ಒಳಗಿನ ಕ್ಲಬ್ ಆದ್ರೆ ಕೆಲವು ಕಡೆ ಫೀಸ್ ಕಂಪನಿಯೇ ಕೊಡ್ತದೆ, ಎಚ್‌ಆರ್ ಹತ್ರ ವಿಚಾರಿಸಿ.

ಕ್ಲಬ್ ಆರಿಸ್ಲಿಕ್ಕೆ ಒಂದೇ ಕಡೆ ನೋಡಿ ದುಡ್ಡು ಕಟ್ಬೇಡಿ ಮಾರಾಯ್ರೆ, ಎರಡು ಮೂರು ಕಡೆ ಗೆಸ್ಟ್ ಆಗಿ ಹೋಗಿ, ಅಲ್ಲಿ ಇವ್ಯಾಲ್ಯುಯೇಷನ್ ಹೇಗೆ ಮಾಡ್ತಾರೆ ನೋಡಿ. ಪ್ರತಿ ಭಾಷಣಕ್ಕೂ ಒಬ್ರು ಎದ್ದು 2–3 ನಿಮಿಷ ಅಭಿಪ್ರಾಯ ಹೇಳ್ತಾರಲ್ಲ, ಎಲ್ಲ ಸೂಪರ್ ಸೂಪರ್ ಅಂತ ಚಪ್ಪಾಳೆ ತಟ್ಟಿದ್ರೆ ಅಲ್ಲಿ ಕಲಿಯುವುದು ಕಷ್ಟ. 'ನಿಮ್ಮ ಅಜ್ಜಿಯ ಕಥೆ ಚಂದ ಉಂಟು, ಆದ್ರೆ ಅದು ಕೊನೇಲಿ ಬಂತು, ಮೊದಲೇ ಹೇಳಿದ್ರೆ ನಾವು ಕಿವಿ ಕೊಡ್ತಿದ್ವಿ' ಅಂತ ಹೇಳುವವ್ರು ಇದ್ರೆ ಕಣ್ಮುಚ್ಚಿ ಸೇರಿ. ನಂಗೆ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಭಾಷಣ ಅಲ್ಲ, ಈ ಇವ್ಯಾಲ್ಯುಯೇಷನ್ನೇ. ಜೂನಿಯರ್‌ಗಳ ಕೋಡ್ ರಿವ್ಯೂ ಮಾಡುವಾಗ ಅವ್ರ ಮನಸ್ಸಿಗೆ ನೋವಾಗದ ಹಾಗೆ ತಪ್ಪು ತೋರಿಸ್ಲಿಕ್ಕೆ ಬಂದದ್ದು ಅಲ್ಲಿಂದ.

ಸ್ವಲ್ಪ ಪಳಗಿದ ಮೇಲೆ ವೈಸ್ ಪ್ರೆಸಿಡೆಂಟ್ ಎಜುಕೇಷನ್ ಜವಾಬ್ದಾರಿ ಕೇಳಿ ತಗೊಳ್ಳಿ. ಯಾವ ದಿನ ಯಾರಿಗೆ ಯಾವ ರೋಲ್ ಅಂತ ಹೊಂದಿಸುವುದು, ಮೀಟಿಂಗಿಗೆ ಒಂದು ಗಂಟೆ ಇರುವಾಗ ಭಾಷಣದವ್ರು ಬರುದಿಲ್ಲ ಅಂದ್ರೆ ಇನ್ನೊಬ್ರನ್ನ ಫೋನ್ ಮಾಡಿ ಒಪ್ಪಿಸುವುದು. ಟೀಮ್ ಲೀಡ್ ಕೆಲಸ ಬೇರೆ ಏನು ಹೇಳಿ?