‘ಸಾಣೆ ಹಿಡಿಯಿರಿ’ ಅಂದರೆ ಕೈಯಲ್ಲಿ ಹಿಡಿಯಬೇಕು ಅಂತಲೇ?

ಗೆಳೆಯರೇ, ನಮಸ್ಕಾರ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಪೆಟ್ರೋಲಿನ ಲಾನ್ ಮೋವರ್ ಇದೆ. ಅದರ ಬ್ಲೇಡು ಮೊಂಡಾದಾಗ ಮಾಲಿಗಳೇ ಕಬ್ಬಿಣ ಉಜ್ಜುವ ಕೈ ಗ್ರೈಂಡರ್‌ನಲ್ಲಿ ಹರಿತ ಮಾಡಿಕೊಳ್ಳುತ್ತಾರೆ. ಅವರಿಗಾಗಿ, ಸಾಮಾನು ಕೋಣೆಯ ಗೋಡೆಗೆ ಅಂಟಿಸಲು, ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಇಲ್ಲಿ ಪದ ಸ್ವಲ್ಪ ಆಚೀಚೆ ಆದರೂ ಬೆರಳಿಗೋ ಕಣ್ಣಿಗೋ ಏಟು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ನನ್ನ ಮುಖ್ಯ ಪ್ರಶ್ನೆ ‘ಸಾಣೆ ಹಿಡಿ’ ಎಂಬ ಮಾತಿನದು. ಬೀದಿಗೆ ಬರುವ ಸಾಣೆಯವರನ್ನು ನೋಡಿರುತ್ತೀರಿ. ಕಾಲಲ್ಲಿ ಪೆಡಲ್ ತುಳಿಯುತ್ತಾರೆ, ಕಲ್ಲು ತಿರುಗುತ್ತದೆ, ಎರಡೂ ಕೈಯಲ್ಲಿ ಚಾಕು ಹಿಡಿದು ಕಲ್ಲಿಗೆ ತಾಗಿಸುತ್ತಾರೆ. ಅಲ್ಲಿ ಕಲ್ಲು ಒಂದೇ ಕಡೆ ಇರುತ್ತದೆ, ಚಾಕು ಆಡುತ್ತದೆ. ‘ಹಿಡಿ’ ಅನ್ನುವುದು ಆ ಕೆಲಸಕ್ಕೆ ಸರಿಯಾದ ಮಾತು. ಕೈ ಗ್ರೈಂಡರ್‌ನಲ್ಲಿ ಎಲ್ಲ ಉಲ್ಟಾ. ಬ್ಲೇಡು ಅಲ್ಲಾಡದ ಹಾಗೆ ವೈಸಿನಲ್ಲಿ, ಅಂದರೆ ಮೇಜಿಗೆ ಬಿಗಿದ ಹಿಡಿಕಟ್ಟಿನಲ್ಲಿ, ಕಚ್ಚಿಕೊಂಡಿರಬೇಕು, ಮಿಷನ್ನೇ ಅದರ ಮೇಲೆ ಓಡಾಡಬೇಕು. 100 ಮಿ.ಮೀ. ಚಕ್ರದ ಈ ಮಿಷನ್ನುಗಳು ನಿಮಿಷಕ್ಕೆ ಹೆಚ್ಚುಕಡಿಮೆ 11,000 ಸುತ್ತು ತಿರುಗುತ್ತವೆ. ಬ್ಲೇಡನ್ನು ಕಾಲಲ್ಲಿ ಒತ್ತಿಕೊಂಡೋ ಒಂದು ಕೈಯಲ್ಲಿ ಹಿಡಿದುಕೊಂಡೋ ಇನ್ನೊಂದು ಕೈಯಲ್ಲಿ ಗ್ರೈಂಡರ್ ಓಡಿಸುವುದು ನಮ್ಮಲ್ಲಿ ತೀರ ಮಾಮೂಲು. ‘ಬ್ಲೇಡಿಗೆ ಸಾಣೆ ಹಿಡಿಯಿರಿ’ ಎಂದು ನಾನೇ ಬರೆದರೆ, ಆ ಅಭ್ಯಾಸಕ್ಕೆ ಒಪ್ಪಿಗೆ ಕೊಟ್ಟಂತೆ ಆಗುವುದಿಲ್ಲವಾ?

‘ಮಸೆ’ ಬಳಸಬಹುದಿತ್ತು. 1894ರ ಕಿಟ್ಟೆಲ್ ನಿಘಂಟಿನಲ್ಲೂ ಆ ಪದಕ್ಕೆ ಉಜ್ಜು, ಹರಿತ ಮಾಡು ಎಂಬ ಅರ್ಥಗಳಿವೆ. ಒಳ್ಳೇ ಪದ. ಆದರೆ ಮಸೆಯುವುದು ಅಂದರೆ ನನ್ನ ಕಣ್ಣಿಗೆ ಬರುವುದು ಮಲೆನಾಡಿನ ಹಿತ್ತಲು. ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿಯನ್ನು ಹಿಂದೆ ಮುಂದೆ ಎಳೆಯುವ ನಿಧಾನದ ಕೆಲಸ ಅದು. ಕಿಡಿ ಹಾರಿಸುವ ಮಿಷನ್ನಿಗೆ ಅದು ಒಗ್ಗುವುದಿಲ್ಲ ಅನಿಸುತ್ತದೆ. ಸದ್ಯಕ್ಕೆ ‘ಬ್ಲೇಡನ್ನು ವೈಸಿಗೆ ಕಚ್ಚಿಸಿ, ಆಮೇಲೆ ಸಾಣೆ ಕೊಡಿ’ ಎಂದು ಬರೆದಿದ್ದೇನೆ. ‘ಸಾಣೆ ಕೊಡು’ ನಿಮ್ಮ ಕಡೆ ಬಳಕೆಯಲ್ಲಿ ಇದೆಯಾ?

ಎರಡನೆಯ ತೊಡಕು ಈ ‘ಬ್ಲೇಡು’. ನಮ್ಮ ವರ್ಕ್‌ಶಾಪುಗಳಲ್ಲಿ ಗ್ರೈಂಡರ್‌ಗೆ ಹಾಕುವ ಚಕ್ರಕ್ಕೂ ಎಷ್ಟೋ ಜನ ಬ್ಲೇಡು ಅಂತಲೇ ಹೇಳುತ್ತಾರೆ. ‘ಬ್ಲೇಡು ಬಿಗಿಯಾಗಿದೆಯಾ ನೋಡಿ’ ಅಂದರೆ ಯಾವುದನ್ನು ನೋಡಬೇಕು? ಮೋವರಿನದು ‘ಅಲಗು’, ಗ್ರೈಂಡರಿನದು ‘ಚಕ್ರ’ ಎಂದು ಬೇರೆ ಮಾಡುವ ಯೋಚನೆ ಇದೆ. ಚಕ್ರದಲ್ಲೂ ಎರಡು ಬಗೆ. ಕಬ್ಬಿಣ ತುಂಡು ಮಾಡುವ ತೆಳು ಚಕ್ರ, ಉಜ್ಜುವ ದಪ್ಪ ಚಕ್ರ. ತೆಳು ಚಕ್ರದ ಪಕ್ಕವನ್ನು ಅಲಗಿಗೆ ಒತ್ತಿದರೆ ಅದು ಸಿಡಿದು ಚೂರಾಗಬಹುದು. ಅಂಗಡಿಯವರು ಹೇಳುವ ‘ಕಟಿಂಗ್ ವೀಲ್’, ‘ಗ್ರೈಂಡಿಂಗ್ ವೀಲ್’ ಹೆಸರುಗಳನ್ನೇ ಉಳಿಸಿಕೊಂಡು, ಪಕ್ಕದಲ್ಲಿ ‘ತುಂಡು ಮಾಡುವ ಚಕ್ರದಲ್ಲಿ ಉಜ್ಜಬೇಡಿ’ ಎಂದು ದೊಡ್ಡಕ್ಷರದಲ್ಲಿ ಹಾಕುತ್ತೇನೆ. ಅಂಗಡಿಯಲ್ಲಿ ಕೇಳಿದಾಗ ಸಿಗಬೇಕಲ್ವಾ, ಹಾಗಾಗಿ ಇಲ್ಲಿ ಹೊಸ ಪದ ಕಟ್ಟುವುದು ಬೇಡ. ಚಕ್ರದ ಮೇಲೆ ಬರೆದಿರುವ ಗರಿಷ್ಠ ವೇಗ ಮಿಷನ್ನಿನ ವೇಗಕ್ಕಿಂತ ಕಡಿಮೆ ಇರಬಾರದು ಎಂಬುದೂ ಅಲ್ಲೇ ಬರುತ್ತದೆ.

‘ಚೂಪು ಮಾಡಿ’ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಚೂಪು ಮೊನೆಗೆ, ಹರಿತ ಬಾಯಿಗೆ. ಸೂಜಿ ಚೂಪು, ಕುಡುಗೋಲು ಹರಿತ. ಮೋವರಿನ ಅಲಗಿಗೆ ಕ್ಷೌರದ ಕತ್ತಿಯ ಹರಿತವೂ ಬೇಡ. ಬಾಯಿ ತೀರಾ ತೆಳುವಾದರೆ ಸಣ್ಣ ಕಲ್ಲು ತಾಗಿದರೂ ಮುಕ್ಕಾಗುತ್ತದೆ. ಮೊದಲೇ ಇರುವ ಓರೆ, ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸು, ಅದನ್ನೇ ಉಳಿಸಿಕೊಂಡು ಹೋಗಬೇಕು. ಹೆಬ್ಬೆರಳು ಸವರಿ ಹರಿತ ನೋಡುವುದು ನಮಗೆಲ್ಲ ರೂಢಿ. ಅದು ಬೇಡವೆಂದೂ ಬರೆಯುತ್ತೇನೆ.

‘ಹದ’ದ ವಿಷಯಕ್ಕೆ ಬಂದರೆ ನನಗೆ ಖುಷಿ. ಒಂದೇ ಜಾಗದಲ್ಲಿ ಜಾಸ್ತಿ ಹೊತ್ತು ಒತ್ತಿದರೆ ಅಲಗು ಕಾಯುತ್ತದೆ. ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ನೀಲಿ. ನೀಲಿ ಬಂತು ಅಂದರೆ ಆ ಜಾಗ ಮೆತ್ತಗಾಯಿತು, ಬೇಗ ಮೊಂಡಾಗುತ್ತದೆ. ಇದಕ್ಕೆ ಪುಸ್ತಕದ ಪದ ಯಾಕೆ? ಕುಲುಮೆಯಲ್ಲಿ ಹೇಳುವಂತೆ ‘ಹದ ಹೋಯಿತು’ ಅಂದರೆ ಸಾಕು. ‘ಹಗುರವಾಗಿ ಉಜ್ಜಿ, ನಡುನಡುವೆ ನಿಲ್ಲಿಸಿ, ನೀಲಿಯಾದರೆ ಹದ ಹೋದಂತೆ’ ಎಂದು ಬರೆದೆ. ಅಡುಗೆ ಮಾಡುವವರಿಗೂ ಮಣ್ಣು ಅಗೆಯುವವರಿಗೂ ಗೊತ್ತಿರುವ ಪದ.

ಸಿಗದೇ ಇರುವ ಪದ ಒಂದಿದೆ. ಸಾಣೆಯಾದ ಮೇಲೆ ಅಲಗಿನ ಹಿಂಬದಿಗೆ ತೆಳ್ಳನೆಯ ಉಕ್ಕಿನ ಎಳೆ ಮಡಚಿಕೊಂಡು ನಿಲ್ಲುತ್ತದೆ. ಅರವನ್ನು (ಫೈಲ್) ಹಿಂಬದಿಗೆ ಸಪಾಟಾಗಿ ಇಟ್ಟು ಹಗುರವಾಗಿ ಎಳೆದರೆ ಅದು ಉದುರುತ್ತದೆ. ಲೇತ್ ಕೆಲಸದವರು ‘ಬರ್’ ಅನ್ನುತ್ತಾರೆ. ಕಮ್ಮಾರರ ಬಾಯಲ್ಲಿ ಇದಕ್ಕೆ ಏನಾದರೂ ಹೆಸರಿದ್ದರೆ ದಯವಿಟ್ಟು ತಿಳಿಸಿ.

ಉಳಿದದ್ದಕ್ಕೆ ಪದದ ತೊಂದರೆ ಇಲ್ಲ. ಎಲ್ಲಕ್ಕಿಂತ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕೀಳಬೇಕು. ಮೋವರನ್ನು ವಾಲಿಸುವಾಗ ಕಾರ್ಬುರೇಟರ್ ಇರುವ ಬದಿ ಮೇಲಕ್ಕೆ ಬರಬೇಕು. ಬಿಚ್ಚುವ ಮುಂಚೆ ಅಲಗಿನ ಕೆಳಬದಿಗೆ ಬಣ್ಣದ ಗುರುತು ಹಾಕಬೇಕು. ಕಣ್ಣಿಗೆ ಕನ್ನಡಕ, ಗ್ರೈಂಡರಿನ ಗಾರ್ಡ್ ತೆಗೆಯಬಾರದು, ಕಿಡಿ ಹಾರುವ ಕಡೆ ಪೆಟ್ರೋಲ್ ಕ್ಯಾನ್ ಇರಬಾರದು. ಕೊನೆಗೆ ಗೋಡೆಯ ಮೊಳೆಗೆ ಅಲಗಿನ ನಡುತೂತನ್ನು ಸಿಕ್ಕಿಸಿ ನೋಡಬೇಕು. ಯಾವ ಕಡೆ ವಾಲುತ್ತದೋ ಆ ಕಡೆ ಭಾರ, ಅಲ್ಲಿ ಇನ್ನೊಂಚೂರು ಉಜ್ಜಬೇಕು. ಹಾಗೇ ಬಿಟ್ಟರೆ ಮಿಷನ್ ಅದುರಿ ಎಂಜಿನ್ನಿಗೆ ಪೆಟ್ಟು. ಇದಕ್ಕೆ ‘ತೂಕ ನೋಡಿ’ ಎಂದು ಬರೆದಿದ್ದೆ. ತಕ್ಕಡಿ ಹುಡುಕಿಕೊಂಡು ಹೋದಾರು ಎಂದು ‘ಎರಡೂ ಕಡೆ ಸಮ ನಿಲ್ಲುತ್ತದಾ ನೋಡಿ’ ಎಂದು ಬದಲಿಸಿದೆ.

ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ನಿಮ್ಮ ವರ್ಕ್‌ಶಾಪುಗಳಲ್ಲಿ ಕೇಳುವ ಮಾತುಗಳನ್ನು ಬರೆಯಿರಿ. ನಮ್ಮ ಮಾಲಿಗಳಲ್ಲಿ ಇಬ್ಬರು ರಾಯಚೂರಿನವರು. ಬೆಂಗಳೂರಿನ ಮಾತು ಅವರಿಗೆ ಬೇರೆಯೇ ಅರ್ಥ ಕೊಟ್ಟರೆ ಅದು ಈಗಲೇ ಗೊತ್ತಾಗಬೇಕು.