ದಿನಾ ಆಫೀಸಿಗೆ ಸೈಕಲ್: ಸ್ಟೀಲ್ ಫ್ರೇಮ್ ತಗೊಳ್ಳಲಾ, ಅಲ್ಯೂಮಿನಿಯಂ ತಗೊಳ್ಳಲಾ?

ಬನಶಂಕರಿ_ಪೆಡಲ್

ಎಲ್ಲರಿಗೂ ನಮಸ್ಕಾರ. ಮನೆ ಬನಶಂಕರಿ ಎರಡನೇ ಹಂತ, ಆಫೀಸು ಕೋರಮಂಗಲ. ಒಂದು ಕಡೆಗೆ ಸುಮಾರು 9 ಕಿ.ಮೀ. ಡೇರಿ ಸರ್ಕಲ್ ಟ್ರಾಫಿಕ್ಕಿನಲ್ಲಿ ಬೈಕ್ ಹಿಡಿದು ನಿಂತು ಸಾಕಾಗಿದೆ, ಇನ್ಮೇಲೆ ಸೈಕಲ್ಲೇ ಅಂತ ತೀರ್ಮಾನ ಮಾಡಿದ್ದೇನೆ.

ಎರಡು ಸೈಕಲ್ ನೋಡಿದ್ದೇನೆ. ಒಂದು ಸ್ಟೀಲ್ ಫ್ರೇಮ್, ಹತ್ತಿರ ಹತ್ತಿರ 16 ಕೆ.ಜಿ., ಮಡ್‌ಗಾರ್ಡ್, ಕ್ಯಾರಿಯರ್ ಎಲ್ಲ ಸೇರಿ ಬರುತ್ತದೆ. ಇನ್ನೊಂದು ಅಲ್ಯೂಮಿನಿಯಂ ಹೈಬ್ರಿಡ್, 13 ಕೆ.ಜಿ. ಇರಬಹುದು, ಐದು ಸಾವಿರ ಜಾಸ್ತಿ. ಅಂಗಡಿಯವರು ಅಲಾಯ್ (ಅಂದರೆ ಅಲ್ಯೂಮಿನಿಯಂ) ತಗೊಳ್ಳಿ ಅನ್ನುತ್ತಾರೆ. ರಾಡ್ ಬ್ರೇಕ್ ಕಾಲದಿಂದ ಸೈಕಲ್ ತುಳಿದಿರುವ ನಮ್ಮ ಸೋದರಮಾವ, ಬೆಂಗಳೂರಿನ ಗುಂಡಿಗೆ ಅಲ್ಯೂಮಿನಿಯಂ ಮುರಿದುಹೋಗುತ್ತದೆ, ಸ್ಟೀಲ್ ಬಿಟ್ಟು ಬೇರೆ ಮುಟ್ಟಬೇಡ ಅನ್ನುತ್ತಾರೆ. ಲ್ಯಾಪ್‌ಟಾಪ್ ಬ್ಯಾಗು, ಊಟದ ಡಬ್ಬಿ ಹಿಂದೆ ಕಟ್ಟಿಕೊಂಡು ಹೋಗಬೇಕು. ಮಳೆಗಾಲದಲ್ಲೂ ಬಿಡುವುದಿಲ್ಲ. ದಿನಾ ತುಳಿಯುವವರು ಹೇಳಿ.

ಚೈನ್_ಎಣ್ಣೆ

ಮೊದಲು ಅಂಗಡಿಯಲ್ಲಿ ಒಂದು ಕೇಳಿ, ಯಾವ ಸ್ಟೀಲ್ ಅಂತ. ಕಡಿಮೆ ಬೆಲೆಯ ಸೈಕಲ್ಲುಗಳಿಗೆ ಹಾಕುವುದು ಹೈ-ಟೆನ್ (ಹೈ ಟೆನ್ಸೈಲ್) ಅನ್ನುವ ಸಾಧಾರಣ ಸ್ಟೀಲ್. ಗಟ್ಟಿ, ಆದರೆ ಕೊಳವೆಯ ಗೋಡೆ ದಪ್ಪ ಇರಬೇಕು, ಅದಕ್ಕೇ ಭಾರ. ಕ್ರೋಮೋಲಿ ಅಂತ ಇನ್ನೊಂದಿದೆ, ಕ್ರೋಮಿಯಂ, ಮಾಲಿಬ್ಡಿನಂ ಸೇರಿಸಿದ ಸ್ಟೀಲ್, 4130 ಅಂತಲೂ ಬರೆದಿರುತ್ತಾರೆ. ಅದರ ಶಕ್ತಿ ಜಾಸ್ತಿ ಇರುವುದರಿಂದ ಆ ಗೋಡೆಯನ್ನು ತೆಳ್ಳಗೆ ಮಾಡಬಹುದು, ತೂಕ ಇಳಿಯುತ್ತದೆ, ಬೆಲೆ ಏರುತ್ತದೆ. ಜನ ಸ್ಟೀಲ್ ಮೆತ್ತಗೆ ಓಡುತ್ತದೆ, ಜೀವ ಇದೆ ಅಂತೆಲ್ಲ ಹೊಗಳುವುದು ಈ ಎರಡನೆಯದನ್ನು. ನೀವು ನೋಡಿರುವ 16 ಕೆ.ಜಿ. ಸೈಕಲ್ ಬಹುಶಃ ಹೈ-ಟೆನ್.

ಒಂದೇ ಗಾತ್ರದ ತುಂಡು ತಗೊಂಡರೆ ಅಲ್ಯೂಮಿನಿಯಂ ತೂಕ ಸ್ಟೀಲಿನ ಮೂರನೇ ಒಂದು ಭಾಗ, ಬಿಗಿತವೂ ಸುಮಾರು ಮೂರನೇ ಒಂದು ಭಾಗವೇ. ಬಿಗಿತದ ಅಳತೆಯಲ್ಲಿ ಸ್ಟೀಲ್ 200 ಗಿಗಾಪಾಸ್ಕಲ್, ಅಲ್ಯೂಮಿನಿಯಂ 70ರ ಆಸುಪಾಸು. ಬಾಗದೇ ಇರಲಿ ಅಂತ ಅಲ್ಯೂಮಿನಿಯಂ ಕೊಳವೆಯನ್ನು ಅಗಲ ಮಾಡುತ್ತಾರೆ. ಆ ಸೈಕಲ್ಲುಗಳು ದಪ್ಪಗೆ ಕಾಣುವುದು ಅದಕ್ಕೆ.

ಮೈಕೈ ನೋವಿನ ವಿಷಯಕ್ಕೆ ಬಂದರೆ ಫ್ರೇಮಿಗಿಂತ ಟೈರು ಮುಖ್ಯ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಫ್ರೇಮ್ ಅನ್ನುವುದು ಎರಡು ತ್ರಿಕೋನ, ಮೇಲಿನಿಂದ ಭಾರ ಬಿದ್ದಾಗ ಅದು ಬಾಗುವುದು ತೀರಾ ಕಡಿಮೆ. ಗುಂಡಿಯ ಏಟು ತಿನ್ನುವುದು ಟೈರು, ಆಮೇಲೆ ಸೀಟು, ಸೀಟ್ ಪೋಸ್ಟ್ (ಸೀಟಿನ ಕೆಳಗಿನ ಕಂಬ). 28 ಮಿ.ಮೀ. ಟೈರಿಗೆ ಗಟ್ಟಿಯಾಗಿ ಗಾಳಿ ಹೊಡೆಸಿ ಜಯನಗರದ ಹಂಪ್‌ಗಳ ಮೇಲೆ ಹೋಗಿ ನೋಡಿ, ಯಾವ ಫ್ರೇಮ್ ಆದರೂ ಹಲ್ಲು ಅದುರುತ್ತದೆ. 38 ಮಿ.ಮೀ. ಟೈರ್ ಹಾಕಿ, ಗಾಳಿಯ ಒತ್ತಡ 50 ಪಿಎಸ್‌ಐ ಹತ್ತಿರ ಇಟ್ಟುಕೊಂಡರೆ ಅದೇ ರಸ್ತೆ ಬೇರೆ ಥರ ಇರುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಬಗ್ಗಿ ನೋಡಿ, ಟೈರಿಗೂ ಫ್ರೇಮಿಗೂ ನಡುವೆ ಜಾಗ ಇದೆಯಾ, ಅಗಲದ ಟೈರಿನ ಮೇಲೆ ಮಡ್‌ಗಾರ್ಡ್ ಕೂರುತ್ತದಾ ಅಂತ.

ವಿಜಯನಗರ_ವೀಲ್

ನಿಮ್ಮ ಸೋದರಮಾವನ ಮಾತಿನಲ್ಲಿ ಅರ್ಧ ಸತ್ಯ ಇದೆ ಸರ್. ಒಂದು ಗುಂಡಿಗೆ ಬಿದ್ದ ತಕ್ಷಣ ಮುರಿಯುವುದಿಲ್ಲ. ಆದರೆ ಕಂಬಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಕೊನೆಗೆ ತುಂಡಾಗುತ್ತದಲ್ಲ, ಲೋಹ ದಣಿಯುವುದು ಹಾಗೆ. ಸ್ಟೀಲಿಗೆ ಒಂದು ಮಿತಿ ಇದೆ, ಅದರ ಒಳಗಿನ ಏಟು ಎಷ್ಟು ಬಿದ್ದರೂ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಆ ಮಿತಿ ಇಲ್ಲ, ಸಣ್ಣ ಏಟೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಇದು ಗೊತ್ತಿದ್ದೇ ಫ್ರೇಮ್ ಮಾಡುವವರು ಸಾಕಷ್ಟು ದಪ್ಪ ಇಟ್ಟಿರುತ್ತಾರೆ, ಹಾಗಾಗಿ ಒಳ್ಳೆಯ ಫ್ರೇಮ್ ಆದರೆ ವರ್ಷಗಟ್ಟಲೆ ಬರುತ್ತದೆ, ಹೆದರಬೇಡಿ.

ನಾನು ಸ್ಟೀಲ್ ಕಡೆಗೇ ಇರುವುದು ರಿಪೇರಿಗಾಗಿ. ಗೇರ್ ಹ್ಯಾಂಗರ್ (ಹಿಂದಿನ ಗೇರ್ ನೇತಾಡುವ ಕೊಂಡಿ) ಬಾಗಿದರೆ, ಫ್ರೇಮ್ ಸ್ಟೀಲ್ ಆದರೆ ಮೆಕ್ಯಾನಿಕ್ ಅಲ್ಲೇ ನೇರ ಮಾಡಿಕೊಡುತ್ತಾರೆ. ಹೈ-ಟೆನ್ ಫ್ರೇಮಿನಲ್ಲಿ ಕ್ಯಾರಿಯರ್ ಕೊಂಡಿ ಬಿಟ್ಟುಕೊಂಡರೆ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯಲ್ಲೂ ಆಗುತ್ತದೆ. ಅಲ್ಯೂಮಿನಿಯಂ ಹಾಗಲ್ಲ. 6061 ಥರದ ಅಲ್ಯೂಮಿನಿಯಂಗೆ ಕಾಯಿಸಿ ತಣಿಸಿ ಶಕ್ತಿ ಕೊಟ್ಟಿರುತ್ತಾರೆ. ವೆಲ್ಡಿಂಗ್ ಶಾಖ ತಗುಲಿದ ಜಾಗದಲ್ಲಿ ಆ ಶಕ್ತಿ ಹೋಗುತ್ತದೆ, ಕಾರ್ಖಾನೆಯಲ್ಲಿ ಮಾಡಿದ ಹಾಗೆ ಇಡೀ ಫ್ರೇಮನ್ನು ಮತ್ತೆ ಕಾಯಿಸಬೇಕು. ಯಾರಾದರೂ ಸುಮ್ನೆ ಅಂಟಿಸಿಕೊಡುತ್ತೇನೆ ಅಂದರೆ ದಯವಿಟ್ಟು ಕೊಡಬೇಡಿ, ಓಡುವಾಗ ಬಿಟ್ಟುಕೊಂಡರೆ ಹಿಂದೆ ಬಸ್ಸು ಇರುತ್ತದೆ. ತೆಳ್ಳಗಿನ ಕ್ರೋಮೋಲಿಯನ್ನೂ ಎಲ್ಲೆಂದರಲ್ಲಿ ಬೆಸೆಸಬೇಡಿ.

ಮಳೆ_ಸವಾರಿ

ಮಳೆಯ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ. ಸ್ಟೀಲ್ ಫ್ರೇಮಿಗೆ ಹೊರಗಿನ ತುಕ್ಕಿಗಿಂತ ಕಣ್ಣಿಗೆ ಕಾಣದ ಒಳಗಿನ ತುಕ್ಕಿನದೇ ಹೆಚ್ಚು ಭಯ. ಸೀಟ್ ಪೋಸ್ಟ್ ಪಕ್ಕದ ಸಂದಿನಿಂದ ನೀರು ಇಳಿದು ಕೆಳಗೆ ಪೆಡಲ್ ತಿರುಗುವ ಜಾಗದಲ್ಲಿ ನಿಲ್ಲುತ್ತದೆ. ಹೊರಗೆ ಪೇಂಟು ಫಳಫಳ ಅನ್ನುತ್ತಿರುತ್ತದೆ, ಒಳಗೆ ಕೆಂಪು ನೀರು. ಜೋರು ಮಳೆಯಲ್ಲಿ ನೆನೆದು ಬಂದ ದಿನ ಸೀಟ್ ಪೋಸ್ಟ್ ತೆಗೆದು, ಸೈಕಲ್ಲನ್ನು ತಲೆಕೆಳಗೆ ಮಾಡಿ ಸ್ವಲ್ಪ ಹೊತ್ತು ಬಿಡಿ. ಮಳೆಗಾಲ ಶುರುವಾಗುವ ಮುಂಚೆ ಕೊಳವೆಗಳ ಒಳಗೆ ಎಣ್ಣೆ ಹೊಡೆಸಿ. ಎರಡೇ ಕೆಲಸ.

ಅಲ್ಯೂಮಿನಿಯಂ ಕೆಂಪಗೆ ತುಕ್ಕು ಹಿಡಿಯುವುದಿಲ್ಲ, ಆದರೆ ಸ್ಟೀಲ್ ಬೋಲ್ಟ್ ಜೊತೆ ನೀರಿನಲ್ಲಿ ನೆನೆದರೆ ಬಿಳಿ ಪುಡಿ ಕಟ್ಟಿ ಕಚ್ಚಿಕೊಳ್ಳುತ್ತದೆ. ಗ್ರೀಸ್ ಇಲ್ಲದೆ ವರ್ಷಗಟ್ಟಲೆ ಬಿಟ್ಟ ಸೀಟ್ ಪೋಸ್ಟ್ ಆಮೇಲೆ ಜಪ್ಪಯ್ಯ ಅಂದರೂ ಬರುವುದಿಲ್ಲ. ಕ್ಯಾರಿಯರ್ ಬೋಲ್ಟನ್ನೂ ಜೋರಾಗಿ ತಿರುವಬೇಡಿ, ಅಲ್ಯೂಮಿನಿಯಂ ಮರೆ (ಬೋಲ್ಟ್ ಕೂರುವ ತಿರುಪಿನ ಗೆರೆ) ಬೇಗ ಸವೆದುಹೋಗುತ್ತದೆ.

ಮೂರನೇ_ಮಹಡಿ

ಸೈಕಲ್ ಎಲ್ಲಿ ನಿಲ್ಲಿಸುತ್ತೀರಿ ಅಂತ ಬರೆದಿಲ್ಲ. ಕೆಳಗೆ ಬೀಗ ಹಾಕಿದ ಜಾಗ ಇದ್ದರೆ ಮೂರು ಕೆ.ಜಿ. ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಲ್ಯಾಪ್‌ಟಾಪು, ಬೀಗ, ನೀರಿನ ಬಾಟಲಿ, ಡಬ್ಬಿ ಸೇರಿದರೆ ಅಷ್ಟೇ ತೂಕ ಆಗುತ್ತದೆ. ಆದರೆ ಲಿಫ್ಟ್ ಇಲ್ಲದ ಮನೆಗೆ ದಿನಾ ಹೊತ್ತು ಹತ್ತಬೇಕು ಅಂದರೆ ಲೆಕ್ಕ ಬೇರೆ. ನಾನು ಮೂರನೇ ಮಹಡಿ. ಬೆಳಗ್ಗೆ ಇಳಿಸುವುದು ಸುಲಭ, ಸಂಜೆ ದಣಿದು ಬಂದು ತಿರುವಿನಲ್ಲಿ ಹ್ಯಾಂಡಲ್ ಗೋಡೆಗೆ ತಾಗದ ಹಾಗೆ ಎತ್ತುವಾಗ ಒಂದೊಂದು ಕೆ.ಜಿ.ಯೂ ಗೊತ್ತಾಗುತ್ತದೆ. ನಾನು ಅಲ್ಯೂಮಿನಿಯಂ ತಗೊಂಡಿದ್ದು ಇದೊಂದೇ ಕಾರಣಕ್ಕೆ. ಅಂಗಡಿಯಲ್ಲೇ ಎರಡನ್ನೂ ಹೆಗಲಿಗೆ ಏರಿಸಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ, ಯಾರೂ ಬೇಡ ಅನ್ನುವುದಿಲ್ಲ.

ಮುಂದೆ ಸಸ್ಪೆನ್ಶನ್ ಇರುವುದನ್ನು ಮಾತ್ರ ಬೇಡ ಅನ್ನಿ. ಕಡಿಮೆ ಬೆಲೆಯ ಸಸ್ಪೆನ್ಶನ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಒಂದೇ ಎರಡು ಕೆ.ಜಿ.ಗಿಂತ ಜಾಸ್ತಿ, ಅಲ್ಯೂಮಿನಿಯಂಗೆ ಕೊಟ್ಟ ದುಡ್ಡು ಅಲ್ಲೇ ಹೋಯಿತು.

ಬನಶಂಕರಿ_ಪೆಡಲ್

ತುಂಬಾ ಥ್ಯಾಂಕ್ಸ್. ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ, ಕೆಳಗೆ ಬಿಡಲು ಧೈರ್ಯ ಇಲ್ಲ. ಮೂರನೇ ಮಹಡಿ ಮೇಡಂ ಹೇಳಿದ ಮೇಲೆ ಅಲ್ಯೂಮಿನಿಯಂ ಕಡೆಗೇ ಮನಸ್ಸು ವಾಲುತ್ತಿದೆ. ಬಿರುಕು ಬಿಟ್ಟರೆ ಗೊತ್ತಾಗುವುದು ಹೇಗೆ? ಮತ್ತೆ ಅಂಗಡಿಯವರು ಅಲಾಯ್ ಅಂದಿದ್ದು ಫ್ರೇಮಿಗೋ ರಿಮ್ಮಿಗೋ ಅಂತಲೂ ಈಗ ಅನುಮಾನ.

ಚೈನ್_ಎಣ್ಣೆ

ಒಳ್ಳೆಯ ಅನುಮಾನ, ರಿಮ್ ಮಾತ್ರ ಅಲಾಯ್ ಇದ್ದು ಫ್ರೇಮ್ ಸ್ಟೀಲ್ ಇರುವ ಸೈಕಲ್ ಬೇಕಾದಷ್ಟಿವೆ. ಫ್ರಿಜ್ಜಿನ ಮೇಲೆ ಅಂಟಿಸುವ ಮ್ಯಾಗ್ನೆಟ್ ಒಂದು ಜೇಬಿನಲ್ಲಿ ಹಾಕಿಕೊಂಡು ಹೋಗಿ. ಫ್ರೇಮಿಗೆ ಅಂಟಿದರೆ ಸ್ಟೀಲ್, ಜಾರಿ ಬಿದ್ದರೆ ಅಲ್ಯೂಮಿನಿಯಂ. ಫೋರ್ಕಿಗೂ ಇಟ್ಟು ನೋಡಿ, ಅಲ್ಯೂಮಿನಿಯಂ ಫ್ರೇಮಿಗೆ ಸ್ಟೀಲ್ ಫೋರ್ಕ್ ಹಾಕುವುದು ಮಾಮೂಲಿ, ಅದರಲ್ಲಿ ತಪ್ಪೇನಿಲ್ಲ.

ಬಿರುಕಿಗೆ, ಸೈಕಲ್ ಒರೆಸುವಾಗ ವೆಲ್ಡಿಂಗ್ ಪಕ್ಕಪಕ್ಕ ನೋಡುತ್ತಾ ಬನ್ನಿ. ಹ್ಯಾಂಡಲ್ ಕೆಳಗಿನ ಕೂಡು, ಪೆಡಲ್ ಕೂಡು, ಸೀಟ್ ಪೋಸ್ಟ್ ಒಳಗಿಳಿಯುವ ಜಾಗ, ಈ ಮೂರು ಮುಖ್ಯ. ಪೇಂಟಿನ ಮೇಲೆ ಕೂದಲೆಳೆಯ ಗೆರೆ ಕಂಡರೆ ಉಗುರಿನಿಂದ ಕೆರೆದು ನೋಡಿ. ಗೆರೆ ಹೋಗದೆ ಉಗುರು ಸಿಕ್ಕಿಕೊಂಡರೆ ಅವತ್ತು ತುಳಿಯಬೇಡಿ, ತಳ್ಳಿಕೊಂಡೇ ಅಂಗಡಿಗೆ ಹೋಗಿ.