ವೇರಿಯಬಲ್ ಎಂದರೆ ಡಬ್ಬಿ ಎಂದು ಹೇಳಿ ಸಿಕ್ಕಿಬಿದ್ದಿದ್ದೇನೆ

ಪ್ರಶ್ನೆ (ಗಂಗಾವತಿಯಿಂದ)

ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಸಂಜೆ ಹೊತ್ತು ಏಳು ಮಕ್ಕಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ವೇರಿಯಬಲ್ ಎಂದರೆ ಡಬ್ಬಿ, ಅದರೊಳಗೆ ಸಂಖ್ಯೆ ಇಡುತ್ತೇವೆ ಎಂದು ಮೊದಲ ದಿನವೇ ಹೇಳಿಬಿಡುವುದು ನನ್ನ ರೂಢಿ. ಹತ್ತು ದಿನ ಸುಸೂತ್ರವಾಗಿ ನಡೆಯಿತು. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದಲ್ಲ, ಮಕ್ಕಳಿಗೆ ಅದೇ ಖುಷಿ. ಮೊನ್ನೆ ಹಲಗೆಯ ಮೇಲೆ ಇದನ್ನು ಬರೆದೆ:

ಅಂಕ = [35, 40]
ನಕಲು = ಅಂಕ
ನಕಲು[0] = 90

ಬದಲಿಸಿದ್ದು ನಕಲು ಪಟ್ಟಿಯ ಮೊದಲ ಸಂಖ್ಯೆಯನ್ನು (ಎಣಿಕೆ ಸೊನ್ನೆಯಿಂದ ಶುರು), ಅಂಕವನ್ನು ಮುದ್ರಿಸಿದರೆ ಅಲ್ಲಿಯೂ [90, 40]. ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ್, ಈ ಡಬ್ಬಿಗೆ ಹಾಕಿದ್ದು ಆ ಡಬ್ಬಿಗೆ ಹೇಗೆ ಹೋಯಿತು?" ಅವಳ ತರ್ಕದಲ್ಲಿ ಲೋಪವಿರಲಿಲ್ಲ, ನಾನು ಕೊಟ್ಟ ಡಬ್ಬಿಯೇ ತೂತು. "ಅದು ಹಾಗೆಯೇ, ಮುಂದೆ ತಿಳಿಯುತ್ತದೆ" ಎಂದು ಜಾರಿಕೊಂಡೆ. ರಾತ್ರಿ ಊಟ ರುಚಿಸಲಿಲ್ಲ. ಮೊದಲ ದಿನವೇ ಮೆಮೊರಿ, ರೆಫರೆನ್ಸ್ ಎಂದು ಶುರು ಮಾಡಿದರೆ ಎರಡನೇ ದಿನ ಏಳರಲ್ಲಿ ಮೂವರು ಬರುವುದಿಲ್ಲ, ಅದೂ ಗೊತ್ತು. ನೀವೆಲ್ಲ ಏನು ಮಾಡುತ್ತೀರಿ?

ಉತ್ತರ (ಬಳ್ಳಾರಿಯಿಂದ)

ಸರ್, ನಿಮ್ಮ ಡಬ್ಬಿ ಸುಳ್ಳಲ್ಲ, ಬೇರೆ ಮನೆಯದು. ಸಿ ಭಾಷೆಯಲ್ಲಿ ವೇರಿಯಬಲ್ ಎಂದರೆ ಮೆಮೊರಿಯಲ್ಲಿ ಅದಕ್ಕೆಂದೇ ಮೀಸಲಾದ ಜಾಗ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಟ್ಟರೆ ಪ್ರತಿಯೇ ಹೋಗುತ್ತದೆ. ನಾವೆಲ್ಲ ಸಿ ಕಲಿತು ಬಂದವರು, ಆ ಡಬ್ಬಿಯನ್ನು ಪೈಥಾನಿಗೂ ಹೊತ್ತು ತಂದೆವು. ಇಲ್ಲಿ ಹೆಸರು ಬರೀ ಚೀಟಿ. ಸಂಖ್ಯೆಗಳಿರುವವರೆಗೆ ವ್ಯತ್ಯಾಸ ಕಾಣುವುದಿಲ್ಲ, ಏಕೆಂದರೆ ಸಂಖ್ಯೆಯನ್ನು ಒಳಗಿನಿಂದ ಬದಲಿಸಲು ಬರುವುದಿಲ್ಲ. ಪಟ್ಟಿ ಬಂತೋ, ಬಣ್ಣ ಬಯಲು.

ಉತ್ತರ (ರಾಯಚೂರಿನಿಂದ)

ನಾನಿನ್ನೂ ವಿದ್ಯಾರ್ಥಿ. ಸಿ ಕಲಿಯುವಾಗ "ಸೆಮಿಕೋಲನ್ ಎಂದರೆ ಪೂರ್ಣವಿರಾಮ, ಪ್ರತಿ ಸಾಲಿನ ಕೊನೆಗೂ ಹಾಕಿ" ಎಂದಿದ್ದರು. ನಾನು ವಿಧೇಯ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪಿನ ಸಾಲಿನ ಕೊನೆಗೂ ಹಾಕಿದೆ. ಹತ್ತು ಬಾರಿ ಬರಬೇಕಾದ ನನ್ನ ಹೆಸರು ಒಂದೇ ಬಾರಿ ಬಂತು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತಪ್ಪು ಎನ್ನಲೂ ಇಲ್ಲ. ಲೂಪು ಆ ಸೆಮಿಕೋಲನ್ನನ್ನೇ ತನ್ನ ಕೆಲಸವೆಂದು ತಿಳಿದು ಹತ್ತು ಸಲ ಸುಮ್ಮನೆ ಸುತ್ತಿತ್ತು. ಮೇ ತಿಂಗಳ ರಾಯಚೂರು, ತಿರುಗದ ಫ್ಯಾನು, ಇಡೀ ಮಧ್ಯಾಹ್ನ ಹೋಯಿತು. ಸುಳ್ಳು ಹೇಳಿದ್ದಕ್ಕೆ ಸಿಟ್ಟಿಲ್ಲ. "ಸದ್ಯಕ್ಕೆ ಹೀಗೆಂದುಕೊಳ್ಳಿ" ಎಂದು ಒಂದು ಮಾತು ಸೇರಿಸಿದ್ದರೆ ಆ ಸಾಲನ್ನೇ ಮೊದಲು ಅನುಮಾನಿಸುತ್ತಿದ್ದೆ.

ಪ್ರಶ್ನೆ ಕೇಳಿದವರು (ಗಂಗಾವತಿಯಿಂದ)

ಬಳ್ಳಾರಿಯವರ ಚೀಟಿ ಕೈಹಿಡಿಯಿತು. ನಮ್ಮದು ಭತ್ತದ ಊರು, ರೈಸ್ ಮಿಲ್ಲು ನೋಡದ ಮಗುವಿಲ್ಲ. ಡಬ್ಬಿ ಎಂದದ್ದು ತಪ್ಪಾಯಿತೆಂದು ಒಪ್ಪಿಕೊಂಡೇ ಶುರು ಮಾಡಿದೆ. ಒಂದು ಸೋನಾ ಮಸೂರಿ ಚೀಲ, ಅದರ ಬಾಯಿಗೆ ಎರಡು ಚೀಟಿ: ಅಂಕ, ನಕಲು. (ನಕಲು ಎಂಬ ಹೆಸರಿಟ್ಟು ನಾನೇ ಇನ್ನಷ್ಟು ದಾರಿ ತಪ್ಪಿಸಿದ್ದೆ.) ಯಾವ ಚೀಟಿ ನೋಡಿ ಚೀಲ ತೆರೆದರೂ ಒಳಗಿನ ಅಕ್ಕಿ ಅದೇ. ನಕಲು = [1, 2] ಎಂದು ಬರೆದರೆ ಮಾತ್ರ ಆ ಚೀಟಿಯನ್ನು ಬಿಚ್ಚಿ ಬೇರೆ ಚೀಲಕ್ಕೆ ಕಟ್ಟಿದಂತೆ. ಹುಡುಗಿ ತಲೆಯಾಡಿಸಿದಳು. ನಾನು ಉಸ್ಸೆನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ, ತಂದೆ ಮಿಲ್ಲಿನಲ್ಲಿ ಹಮಾಲಿ ಮಾಡುವ ಹುಡುಗ: "ಎರಡೂ ಚೀಟಿ ಬಿಚ್ಚಿದರೆ ಚೀಲವನ್ನು ಯಾರು ಒಯ್ಯುತ್ತಾರೆ ಸರ್?"

ಚೀಟಿಗಳ ಲೆಕ್ಕ ಸೊನ್ನೆಯಾದರೆ ಪೈಥಾನೇ ಆ ಜಾಗವನ್ನು ತೆರವು ಮಾಡುತ್ತದೆ ಎಂಬ ಪಾಠವನ್ನು ಎರಡನೇ ತಿಂಗಳಿಗೆಂದು ಎತ್ತಿಟ್ಟಿದ್ದೆ. ಅಂದೇ ಹೇಳಬೇಕಾಯಿತು. ತರಗತಿ ಬಿಟ್ಟಾಗ ಕೆಳಗಿನ ಅಂಗಡಿಯ ಶಟರ್ ಎಳೆದಾಗಿತ್ತು.